ಅಪ್ಪ ಚಾ ಕುಡಿದು ಕೆಡಿಸಿದ ಸಂಬಂಧಗಳು

ಮನೆಯಲ್ಲಿ ಒಬ್ಬರು ರುಚಿ ನೋಡುವುದರಲ್ಲಿ ನಿಸ್ಸೀಮರಾಗಿದ್ದರೆ ಉಳಿದವರೆಲ್ಲ ಆಗಾಗ ಯಾರದೋ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂರಬೇಕಾಗುತ್ತದೆ. ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಹಾಜರು.

ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ ನಮ್ಮದು ಚಾಪುಡಿ ಅಂಗಡಿ. ಪ್ಯಾಕೆಟ್ಟಿನದಲ್ಲ, ಬಿಡಿಯಾಗಿ ತೂಗಿ ಕೊಡುವ ಪುಡಿ. ಗೋಡೆಯುದ್ದಕ್ಕೂ ತಗಡಿನ ಡಬ್ಬಿಗಳು. ಒಂದರಲ್ಲಿ ಅಸ್ಸಾಮಿನ ಕಾಳುಪುಡಿ, ಒಂದರಲ್ಲಿ ನೀಲಗಿರಿಯ ಎಲೆಪುಡಿ, ಇನ್ನೊಂದರಲ್ಲಿ ಹೋಟೆಲಿನವರು ಒಯ್ಯುವ ನುಣ್ಣನೆಯ ಕಡಕ್ ಪುಡಿ. ಗಿರಾಕಿಯ ಬಾಯಿಗೆ ತಕ್ಕಂತೆ ಬೆರೆಸುವುದು ಅಪ್ಪನ ಕೆಲಸ, ತೂಗಿ ಪೊಟ್ಟಣ ಕಟ್ಟುವುದು ನನ್ನದು.

ಹೊಸ ಮಾಲು ಬಂದಾಗ ಅಪ್ಪ ಅದರ ರುಚಿ ನೋಡುವುದನ್ನು ನೋಡಬೇಕು. ಹಾಲಿಲ್ಲ, ಸಕ್ಕರೆಯಿಲ್ಲ, ಬರೀ ಡಿಕಾಕ್ಷನ್ನು. ಗ್ಲಾಸುಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೊಂದರಿಂದಲೂ ಒಂದು ಗುಟುಕನ್ನು ಓಣಿಯ ತುದಿಗೆ ಕೇಳುವಂತೆ ಸೊರ್ರನೆ ಎಳೆದು, ಕಣ್ಣು ಮುಚ್ಚಿ, ಬಾಯಲ್ಲಿ ಆ ಕೆನ್ನೆಯಿಂದ ಈ ಕೆನ್ನೆಗೆ ಓಡಾಡಿಸಿ, ಕಾಲ ಬಳಿಯ ಪೀಕದಾನಿಗೆ ಉಗುಳುತ್ತಾನೆ. ನುಂಗಿದರೆ ಮುಂದಿನ ಗ್ಲಾಸಿನ ರುಚಿ ತಿಳಿಯುವುದಿಲ್ಲವಂತೆ. ಉಗುಳಿದ ಮೇಲೆ ತೀರ್ಪು. ಆ ತೀರ್ಪಿನ ಮೇಲೆ ನಮ್ಮ ಮನೆಯ ಒಲೆ ಉರಿಯುತ್ತಿರುವುದರಿಂದ ನಾವು ಯಾರೂ ಎದುರಾಡುವುದಿಲ್ಲ.

ಇನ್ನೊಂದು ಪದ್ಧತಿಯೂ ಇದೆ. ಶುಕ್ರವಾರ ಬೆಳಿಗ್ಗೆ ಅಪ್ಪ ಎಲ್ಲ ಡಬ್ಬಿಗಳ ಮುಚ್ಚಳ ತೆಗೆದಿಟ್ಟು, ಕೆಂಡದ ಮೇಲೆ ಲೋಬಾನ ಹಾಕಿ, ಒಂದೊಂದು ಡಬ್ಬಿಗೂ ಹೊಗೆ ಹಿಡಿಯುತ್ತಾನೆ. ಮುಚ್ಚಳ ಮುಚ್ಚಿಕೊಂಡು ಕುಳಿತರೆ ಲಕ್ಷ್ಮಿ ಒಳಗೆ ಹೇಗೆ ಬರಬೇಕು ಎಂಬುದು ಅವನ ಪ್ರಶ್ನೆ.

ಹೊಟ್ಟೆ ಸರಿಯಿದ್ದವನಿಗೆ ಕರೀ ಚಾ

ಹಚ್ಚೊಳ್ಳಿಯ ರೈತರೊಬ್ಬರು ಭತ್ತದ ನಾಟಿಯ ಹೊತ್ತಿಗೆ ಹೆಣ್ಣಾಳುಗಳಿಗೆಂದು ಚಾಪುಡಿ ಒಯ್ಯಲು ಬರುತ್ತಾರೆ. ಮೊದಲ ಸಲ ಬಂದಾಗ ಅಪ್ಪ ಅವರನ್ನು ಗಾದಿಯ ಮೇಲೆ ಕೂರಿಸಿ, ನಾಲ್ಕು ಬಗೆಯ ಪುಡಿ ಕುದಿಸಿ ಸೋಸಿ, ನಾಲ್ಕು ಗ್ಲಾಸು ಕರೀ ಚಾ ಮುಂದಿಟ್ಟ. ನಮ್ಮ ಕಡೆ ಹಾಲಿಲ್ಲದ ಚಾ ಕೊಡುವುದು ಹೊಟ್ಟೆ ಕೆಟ್ಟವರಿಗೆ, ಅದೂ ಲಿಂಬೆಹಣ್ಣು ಹಿಂಡಿ. ಅವರು ಗ್ಲಾಸುಗಳನ್ನೂ ಅಪ್ಪನ ಮುಖವನ್ನೂ ನೋಡಿ, ನನ್ನ ಹೊಟ್ಟೆ ಚೆನ್ನಾಗಿಯೇ ಇದೆ, ಬೆಳಿಗ್ಗೆ ಎರಡು ಜೋಳದ ರೊಟ್ಟಿ ತಿಂದು ಬಂದಿದ್ದೇನೆ ಎಂದು ವಿನಯದಿಂದ ತಿಳಿಸಿದರು.

ಅಪ್ಪ ವಿವರಿಸಿದ. ಒಂದೊಂದು ಗುಟುಕು ಬಾಯಿಗೆ ಹಾಕಿಕೊಳ್ಳಿ, ಉಗುಳಿ, ಯಾವುದು ಹಿಡಿಸಿತೋ ಅದನ್ನು ಹೇಳಿ ಎಂದು ಪೀಕದಾನಿ ಸರಿಸಿದ. ಕೊಟ್ಟವರ ಎದುರಿಗೇ ಕೊಟ್ಟದ್ದನ್ನು ಉಗುಳುವುದು ಹೇಗೆಂದು ಅವರಿಗೆ ಬಹಳ ಸಂಕೋಚವಾಯಿತು. ಮುಖ ಕಿವುಚುತ್ತಾ ನಾಲ್ಕೂ ಗ್ಲಾಸನ್ನು ತಳ ಕಾಣುವಂತೆ ಕುಡಿದರು. ಯಾವುದು ಚೆನ್ನಾಗಿತ್ತು ಎಂದು ಅಪ್ಪ ಆಸೆಯಿಂದ ಕೇಳಿದ.

ಅವರು ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಹೇಳಿದರು: "ಔಷಧ ನಾಕೂ ಕುಡದೀನ್ರಿ. ಇನ್ನ ಚಾ ತರಸ್ರಿ, ಕುಡಿಯೋಣು."

ಸಿರುಗುಪ್ಪದ ಮಲ್ಲಿಗೆ ಗಿಡ

ಅಂಗಡಿಯಲ್ಲಿ ಏನು ಮಾಡಿದರೂ ನಡೆಯುತ್ತದೆ. ತೊಂದರೆ ಶುರುವಾದದ್ದು ನನಗೆ ಕನ್ಯೆ ನೋಡಲು ಹೊರಟಾಗ. ನನಗೆ ಮೂವತ್ತು ದಾಟಿತ್ತು. ಜೊತೆಯವರ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ನಾನು ಹೊರಗೆ ತೋರಿಸಿಕೊಳ್ಳದಿದ್ದರೂ ಒಳಗೆ ಮದುವೆಯ ಆಸೆ ಧಾರಾಳವಾಗಿತ್ತು. ಆದರೆ ಈ ಲೋಕದಲ್ಲಿ ಕನ್ಯೆ ತೋರಿಸುವ ಪ್ರತಿ ಮನೆಯಲ್ಲೂ ಚಾ ಕೊಡುತ್ತಾರೆ. ಇದನ್ನು ನಾವು ಯಾರೂ ಮುಂದಾಗಿ ಯೋಚಿಸಿರಲಿಲ್ಲ.

ಮೊದಲ ಮನೆ ಸಿರುಗುಪ್ಪದಲ್ಲಿ. ಸಂಬಂಧ ತಂದವನು ನಮ್ಮ ದೂರದ ಮಾಮ, ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಯಾವ ಊರಲ್ಲಿ ಯಾರ ಮನೆಯಲ್ಲಿ ಮದುವೆಗೆ ಬಂದ ಹುಡುಗಿಯಿದ್ದಾಳೆ ಎಂಬುದು ಅವನಿಗೆ ಸ್ಟಾಪುಗಳ ಹಾಗೆ ಬಾಯಿಪಾಠ. ಮನೆ ಚೆನ್ನಾಗಿತ್ತು. ಅಂಗಳದಲ್ಲಿ ಮೈತುಂಬ ಮೊಗ್ಗು ಹೊತ್ತ ಮಲ್ಲಿಗೆ ಗಿಡ. ಉಪ್ಪಿಟ್ಟಾಯಿತು, ಹುಡುಗಿ ಚಾ ತಂದಳು. ನಾನು ಅವಳ ಬಳೆಗಳನ್ನು ನೋಡುತ್ತಿದ್ದೆ. ಪಕ್ಕದಿಂದ ಸೊರ್ರೆಂಬ ಸದ್ದು ಬಂತು.

ಅಪ್ಪ ಕಣ್ಣು ಮುಚ್ಚಿದ್ದ. ಕೆನ್ನೆಗಳು ಆಡುತ್ತಿದ್ದವು. ಅವ್ವ ಅವನ ತೊಡೆ ಚಿವುಟಿದಳು, ಆದರೆ ರುಚಿ ನೋಡುವಾಗ ಅವನಿಗೆ ತೊಡೆ ಇರುವುದೇ ನೆನಪಿರುವುದಿಲ್ಲ. ಕಣ್ಣು ಬಿಟ್ಟು ಕಾಲ ಬಳಿ ಪೀಕದಾನಿ ಹುಡುಕಿದ. ಇರಲಿಲ್ಲ. ಬಾಯಿ ತುಂಬ ಚಾ ಇಟ್ಟುಕೊಂಡು ಎದ್ದವನೇ ಎಲ್ಲರ ಕಾಲು ದಾಟಿ ಅಂಗಳಕ್ಕೆ ಹೋಗಿ, ಮಲ್ಲಿಗೆ ಗಿಡದ ಬುಡಕ್ಕೆ ಉಗುಳಿ, ತೃಪ್ತಿಯಿಂದ ತಲೆಯಾಡಿಸುತ್ತಾ ಬಂದು ಕುಳಿತ. ಚಾ ಬಹಳ ಚೆನ್ನಾಗಿದೆ ಎಂದು ಹೇಳಬೇಕೆಂದು ಅವನು ಬಾಯಿ ತೆರೆದಿದ್ದ. ಅಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ಹುಡುಗಿಯ ಅಜ್ಜಿ ಕೋಲು ಊರಿ ಎದ್ದು ನಿಂತರು.

"ಹುಡುಗಿ ಬ್ಯಾಡ ಅಂದ್ರ ಬಾಯಿಲೆ ಹೇಳ್ರಿ. ಅಂಗಳದಾಗ ಉಗುಳಿ ಹೇಳಬ್ಯಾಡ್ರಿ."

ಸಿರಿಗೇರಿಯ ನೀರು

ಅವ್ವ ಎರಡು ದಿನ ಅಪ್ಪನೊಂದಿಗೆ ಮಾತು ಬಿಟ್ಟಳು. ಮೂರನೆಯ ದಿನ ನನ್ನ ತಲೆಯ ಮೇಲೆ ಕೈಯಿಡಿಸಿ, ಇನ್ನು ಮುಂದೆ ಬೇರೆಯವರ ಮನೆಯಲ್ಲಿ ಕೊಟ್ಟ ಚಾ ನುಂಗುತ್ತೇನೆ ಎಂದು ಆಣೆ ಹಾಕಿಸಿದಳು. ಅಪ್ಪ ಒಪ್ಪಿದ. ಆಣೆಗೆ ಅವನು ತಪ್ಪುವವನಲ್ಲ.

ಸಿರಿಗೇರಿಯ ಮನೆಯಲ್ಲಿ ಅವನು ನಿಜಕ್ಕೂ ನುಂಗಿದ. ಸದ್ದೂ ಮಾಡಲಿಲ್ಲ. ನನಗೆ ಪ್ರಾಣ ಬಂದಂತಾಯಿತು. ಆದರೆ ಉಗುಳುವುದನ್ನು ಬಿಡಿಸಿದ ಅವ್ವ ತೀರ್ಪು ಹೇಳುವುದನ್ನು ಬಿಡಿಸಲು ಮರೆತಿದ್ದಳು. ಅಪ್ಪ ಗ್ಲಾಸು ಕೆಳಗಿಟ್ಟು, ಪುಡಿ ಎಲ್ಲಿಂದ ತಂದಿರಿ ಎಂದು ಯಾರನ್ನೂ ಕೇಳದೆ ತಾನೇ ಹೇಳತೊಡಗಿದ. ಬ್ರೂಸ್‌ಪೇಟೆಯ ಇಂಥ ಓಣಿ, ಮೂಲೆಯಿಂದ ಇಷ್ಟನೆಯ ಅಂಗಡಿ. ಹೋದ ವರ್ಷದ ಉಳಿದ ಮಾಲಿಗೆ ಈ ವರ್ಷದ ಹಿಡಿ ಪುಡಿ ಬೆರೆಸಿದ್ದಾರೆ. ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ಆ ಮನುಷ್ಯನಿಗೆ ಚಾಪುಡಿಗೂ ಹುರಿದ ರವೆಗೂ ವ್ಯತ್ಯಾಸ ಗೊತ್ತಿಲ್ಲ, ನೀವಾದರೂ ಇನ್ನು ಮುಂದೆ ಮೋಸ ಹೋಗಬೇಡಿ ಎಂದು ಮನೆಯವರ ಮೇಲಿನ ಅಂತಃಕರಣದಿಂದಲೇ ಹೇಳಿದ.

ಹುಡುಗಿಯ ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟು ಕುಳಿತಿದ್ದವರು ನಿಧಾನವಾಗಿ ಮುಂದೆ ಬಾಗಿದರು. ಅವರು ಹುಡುಗಿಯ ಸೋದರಮಾವ. ಅವರನ್ನು ಎಲ್ಲೋ ನೋಡಿದ್ದೇನಲ್ಲ ಎಂದು ನಾನು ಬಂದಾಗಿನಿಂದ ತಲೆ ಕೆಡಿಸಿಕೊಂಡಿದ್ದೆ. ಆಗ ನೆನಪಾಯಿತು.

"ಆ ಅಂಗಡಿ ನಂದ ಐತ್ರಿ," ಎಂದರು ಅವರು. "ಹೂಂ, ಮುಂದ ಹೇಳ್ರಿ."

ಅಪ್ಪ ಗ್ಲಾಸಿನ ತಳವನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ: "ನಿಮ್ಮೂರಾಗ ನೀರು ಭಾಳ ಚೊಲೋ ಅದಾವ್ರಿ."

ಚಾ ಕುಡಿಯದ ಚಾ ವ್ಯಾಪಾರಿ

ಮೂರನೆಯ ಮನೆ ಬಳ್ಳಾರಿಯಲ್ಲೇ, ನಮ್ಮ ಅಂಗಡಿಯ ಹಳೆಯ ಗಿರಾಕಿಗಳದು. ಅವ್ವ ಈ ಸಲ ಎಲ್ಲ ದಾರಿಗಳನ್ನೂ ಮುಚ್ಚಿದಳು. ಚಾ ಬಂದ ಕೂಡಲೇ ಕೈಮುಗಿದು, ನಾನು ಚಾ ಕುಡಿಯುವುದಿಲ್ಲ ಎನ್ನಬೇಕು, ಅಷ್ಟೇ. ಬೇರೆ ಒಂದಕ್ಷರ ಆಡಕೂಡದು.

ಅಪ್ಪ ಹಾಗೆಯೇ ಹೇಳಿದ. ಹೇಳುವಾಗ ಅವನ ಕಣ್ಣು ಟ್ರೇಯ ಮೇಲಿದ್ದ ರೀತಿ ನೋಡಿ ನನಗೆ ಪಾಪ ಅನ್ನಿಸಿತು. ಮನೆಯ ಯಜಮಾನರು, ಒಂದು ಗುಟುಕಾದರೂ ಕುಡಿಯಿರಿ, ನಿಮ್ಮ ಅಂಗಡಿಯ ಪುಡಿಯೇ ಎಂದರು. ಅಪ್ಪ ಅವ್ವನ ಕಡೆ ನೋಡಿ ಮತ್ತೆ ಕೈಮುಗಿದ. ಅವರು ಇನ್ನೊಮ್ಮೆ ಒತ್ತಾಯ ಮಾಡಿದರು. ಅಪ್ಪ ಇನ್ನೊಮ್ಮೆ ಕೈಮುಗಿದ. ಯಜಮಾನರು ತಮ್ಮ ಕೈಯಲ್ಲಿದ್ದ ಕಪ್ಪನ್ನು ನೋಡಿದರು, ತಮ್ಮ ಹೆಂಡತಿಯ ಮುಖ ನೋಡಿದರು, ಕಪ್ಪನ್ನು ಕೆಳಗಿಟ್ಟರು.

"ತಾವು ಮಾರೋ ಚಾ ತಾವ ಕುಡಿಯಂಗಿಲ್ಲ ಅಂದ್ರ," ಎಂದರು, "ಅದ್ರಾಗ ಏನು ಹಾಕ್ತೀರಿ, ಖರೇ ಹೇಳ್ರಿ."

ಸಂಬಂಧದ ಜೊತೆಗೆ ಗಿರಾಕಿಯೂ ಹೋಯಿತು.

ಕುರುಗೋಡಿನ ಗ್ಲಾಸುಗಳು

ಇದಾದ ಮೇಲೆ ಕಂಡಕ್ಟರ್ ಮಾಮನಿಗೇ ಬೇಸರ ಬಂತು. ಇನ್ನೊಂದು ಮನೆ ಇದೆ, ಕುರುಗೋಡಿನಲ್ಲಿ, ಅದೇ ಕೊನೆಯದು, ಆಮೇಲೆ ನನ್ನ ಹೆಸರು ಎತ್ತಬೇಡಿ ಎಂದ. ಹುಡುಗಿ ಅಲ್ಲಿಯ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದಳು. ಊರವರು ತಂದ ಹಾಲನ್ನು ಪರೀಕ್ಷೆ ಮಾಡಿ, ಯಾವುದರಲ್ಲಿ ನೀರು ಬೆರೆತಿದೆ ಎಂದು ಹೇಳುವ ಕೆಲಸ. ಮಾಮ ಅವಳ ಫೋಟೋ ನನ್ನ ಮೊಬೈಲಿಗೆ ಕಳಿಸಿದ್ದ. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಅದನ್ನು ತೆಗೆದು ನೋಡುತ್ತಿದ್ದೆ, ಗಿರಾಕಿಗಳಿದ್ದಾಗಲೂ ನೋಡುತ್ತಿದ್ದೆ. ನನಗೆ ಈ ಹುಡುಗಿ ಬೇಕು ಅನ್ನಿಸಿಬಿಟ್ಟಿತ್ತು. ಹೊರಡುವ ದಿನ ಬೆಳಿಗ್ಗೆ ನಾನು ಅಪ್ಪನಿಗೆ ನೇರವಾಗಿಯೇ ಹೇಳಿದೆ: "ಅಪ್ಪಾ, ಇದೊಂದು ಕೆಡಸಬ್ಯಾಡ."

ಅಪ್ಪನ ಮುಖ ಸಣ್ಣದಾಯಿತು. ಕುರುಗೋಡಿನ ಮನೆಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ.

ಹುಡುಗಿ ಟ್ರೇ ಹಿಡಿದು ಬಂದಳು. ಅದರಲ್ಲಿ ನಾಲ್ಕು ಗಾಜಿನ ಗ್ಲಾಸು, ನಾಲ್ಕರಲ್ಲೂ ಹಾಲಿಲ್ಲದ ಕರೀ ಚಾ. ಅವಳ ಹಿಂದೆ ಅವಳ ಅಣ್ಣ ಒಂದು ಹಿತ್ತಾಳೆಯ ಚೊಂಬು ತಂದು ಅಪ್ಪನ ಕಾಲ ಬಳಿ ಇಟ್ಟ. ಅವ್ವ ಕಂಡಕ್ಟರ್ ಮಾಮನ ಕಡೆ ನೋಡಿದಳು. ಮಾಮ ಸೂರು ನೋಡಿದ. ಹಿಂದಿನ ಮೂರು ಮನೆಗಳ ಕತೆಯನ್ನು ಅವನು ಇಲ್ಲಿ ಮೊದಲೇ ಹೇಳಿಬಿಟ್ಟಿದ್ದ.

ಹುಡುಗಿ ಅಪ್ಪನಿಗೆ ವಿವರಿಸಿದಳು. ಇವು ಬೇರೆ ಬೇರೆ ಕಡೆಯಿಂದ ತಂದ ಪುಡಿಗಳು, ಯಾವುದು ಎಲ್ಲಿಯದೆಂದು ಗೊತ್ತಾಗಲು ಗ್ಲಾಸಿನ ತಳಕ್ಕೆ ಬಣ್ಣದ ದಾರ ಕಟ್ಟಿದ್ದೇನೆ, ಡೇರಿಯಲ್ಲೂ ಹಾಲನ್ನು ಹೀಗೆಯೇ ನೋಡುವುದು, ನೀವು ರುಚಿ ನೋಡಿ ಉಗುಳಿ ಹೇಳಿ ಎಂದಳು. ಅಪ್ಪ ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಹೂಂ ಅಂದೆ. ಬೇರೆ ಏನು ಹೇಳಲಿ, ನನಗೂ ಅವಳ ಧ್ವನಿ ಕೇಳಿ ಬುದ್ಧಿ ಮಂಕಾಗಿತ್ತು.

ಅಪ್ಪ ತೊಡೆಯ ಕೆಳಗಿನಿಂದ ಕೈ ತೆಗೆದ. ಮೊದಲ ಗ್ಲಾಸು ಅಸ್ಸಾಮಿನ ಕಾಳುಪುಡಿ, ಮಾಲು ಒಳ್ಳೆಯದು, ಸ್ವಲ್ಪ ಜಾಸ್ತಿ ಕುದಿಸಿದ್ದೀಯ ಎಂದ. ಅವಳು ಹೌದೆಂದಳು. ಎರಡನೆಯದು ನೀಲಗಿರಿ ಎಲೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗಿಟ್ಟು ಕೆಡಿಸಿದ್ದಾರೆ. ಅದು ಸಂತೆಯಲ್ಲಿ ಕೊಂಡದ್ದು, ಅದೂ ಹೌದು. ಮೂರನೆಯದು ಪ್ಯಾಕೆಟ್ಟಿನ ಪುಡಿ, ಅದರ ಬಗ್ಗೆ ಮಾತಾಡುವುದೇ ದಂಡ. ಮನೆಯವರೆಲ್ಲ ಹತ್ತಿರ ಸರಿದು ಕುಳಿತರು. ಅಪ್ಪ ಅಂಗಡಿಯಲ್ಲಿ ಇರುವಂತೆಯೇ ಆಗಿಬಿಟ್ಟಿದ್ದ. ನನಗೂ ಹೆಮ್ಮೆಯಾಗತೊಡಗಿತು.

ನಾಲ್ಕನೆಯ ಗ್ಲಾಸು ಮೂಗಿನ ಹತ್ತಿರ ಹೋಗುತ್ತಲೇ ಅವನ ಹುಬ್ಬು ಗಂಟಾಯಿತು. ಸೊರ್ರನೆ ಎಳೆದವನು ಬಾಯಲ್ಲಿ ಆಡಿಸಲೂ ಇಲ್ಲ, ತಕ್ಷಣ ಚೊಂಬಿಗೆ ಉಗುಳಿದ.

"ಇದು ಯಾವ ಅಂಗಡೀದು? ಬರೇ ಹೊಗಿ ವಾಸ್ನಿ. ಚಾಪುಡಿ ಮಾರ್ತಾನೋ, ಗುಡ್ಯಾಗ ಪೂಜಾ ಮಾಡ್ತಾನೋ ಅವ? ಬಾಜೂಕ ಇರೋ ವಾಸ್ನಿಯೆಲ್ಲ ಪುಡಿ ಎಳಕೊಂತೈತಿ ಅನ್ನೋದ ಗೊತ್ತಿಲ್ಲದವನು ಅಂಗಡಿ ಮುಚ್ಚಿ ಮನ್ಯಾಗ ಕುಂದರಬೇಕು."

"ಅಂಗಡಿಯವರು ಇಲ್ಲೇ ಕುಂತಾರ್ರಿ," ಎಂದಳು ಹುಡುಗಿ.

ನನಗೆ ಸಿರಿಗೇರಿಯ ಬಿಳಿ ಅಂಗಿ ನೆನಪಾಯಿತು. ಇಲ್ಲಿ ಯಾರ ಸೋದರಮಾವ ಎಂದು ಪಡಸಾಲೆಯ ತುಂಬ ಕಣ್ಣಾಡಿಸಿದೆ. ಹುಡುಗಿ ಒಳಗೆ ಹೋಗಿ ಒಂದು ಪೊಟ್ಟಣ ತಂದು ಅಪ್ಪನ ಮುಂದಿಟ್ಟಳು. ಅದರ ಮೇಲೆ ನಮ್ಮ ಅಂಗಡಿಯ ಠಸ್ಸೆಯಿತ್ತು.

"ಮೊನ್ನೆ ಶನಿವಾರ ನಮ್ಮಣ್ಣ ನಿಮ್ಮಲ್ಲೇ ತಂದಾನ್ರಿ. ಬೆರಸಿ ಕೊಟ್ಟವರು ನೀವು. ಕಟ್ಟಿ ಕೊಟ್ಟವರು ಇವರು."

ಇವರು ಎನ್ನುವಾಗ ಅವಳು ನನ್ನನ್ನು ನೋಡಿದಳು. ಅವಳು ನನ್ನನ್ನು ಮೊದಲ ಸಲ ನೋಡಿದ್ದು ಹೀಗೆ.

ಶುಕ್ರವಾರ ಲೋಬಾನ, ಶನಿವಾರ ಪೊಟ್ಟಣ. ಅಂಗಡಿಯಲ್ಲಿ ದಿನವೂ ಅದೇ ವಾಸನೆಯಲ್ಲಿ ಕುಳಿತಿರುವ ಅಪ್ಪನ ಮೂಗಿಗೆ ಅದು ಯಾವತ್ತೂ ತಿಳಿದಿರಲಿಲ್ಲ. ಕುರುಗೋಡಿನ ಗಾಳಿಯಲ್ಲಿ ತಿಳಿಯಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ, ನೋಡಿದರೆ ಭುಜಗಳು ನಗೆಯಿಂದ ಕುಣಿಯುತ್ತಿದ್ದವು. ಅಪ್ಪ ಆ ಗ್ಲಾಸನ್ನು ಮತ್ತೆ ಎತ್ತಿ ಮೂಸಿದ. ಈ ಸಂಬಂಧವೂ ಹೋಯಿತು ಎಂದು ನಾನು ಆಸೆ ಬಿಟ್ಟೆ.

ಅಪ್ಪ ಗ್ಲಾಸು ಇಟ್ಟು ಅವಳನ್ನು ಕೇಳಿದ: "ಡೇರ್ಯಾಗೂ ಹಿಂಗ ಮುಖದ ಮ್ಯಾಲೆ ಹೇಳ್ತೀಯೇನವಾ?"

"ನಾ ಹಾಲಷ್ಟ ನೋಡ್ತೀನ್ರಿ. ತಂದವರ ಮುಖ ನೋಡಂಗಿಲ್ಲ."

ಅಪ್ಪ ಅವಳ ತಂದೆಯ ಕಡೆ ತಿರುಗಿ, ನನ್ನ ಕಡೆ ಕಣ್ಣೂ ಹಾಯಿಸದೆ ಹೇಳಿದ: "ಯಜಮಾನ್ರ, ನಿಮ್ಮ ಹುಡುಗಿ ನಮ್ಮ ಅಂಗಡಿಗೆ ಬೇಕು. ಇಲ್ಲ ಅನಬ್ಯಾಡ್ರಿ."

ಕಂಡಕ್ಟರ್ ಮಾಮ ಹಣೆ ಚಚ್ಚಿಕೊಂಡ. "ಅಂಗಡಿಗಲ್ಲೋ ಮಾರಾಯ, ಮಗಗ ಕೇಳು."

ಮುಚ್ಚಳ ತೆಗೆಯುವ ಶುಕ್ರವಾರ

ಮದುವೆಯಾಯಿತು. ಅವಳು ಬಂದ ಮೇಲೆ ಲೋಬಾನದ ಹೊಗೆ ದೇವರ ಫೋಟೋದ ಮುಂದೆ ಮಾತ್ರ, ಅದೂ ಡಬ್ಬಿಗಳ ಮುಚ್ಚಳವೆಲ್ಲ ಬಿಗಿಯಾಗಿ ಮುಚ್ಚಿದ ಮೇಲೆ. ಹಳೆಯ ಮಾಲನ್ನು ಮನೆ ಖರ್ಚಿಗೆ ಇಟ್ಟುಕೊಂಡು ಹೊಸದನ್ನು ತುಂಬಿದೆವು. ಸೊಸೆಯ ಮಾತಿಗೆ ಅಪ್ಪ ಎದುರಾಡಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆರಕೆಯ ಹದ ಕಲಿಸತೊಡಗಿದ. ಇಬ್ಬರೂ ಒಟ್ಟಿಗೆ ಸೊರ್ರನೆ ಎಳೆದು ಒಟ್ಟಿಗೆ ಉಗುಳುವುದನ್ನು ನೋಡಿ ನನಗೆ ಎಷ್ಟು ಸಂತೋಷವಾಗುತ್ತಿತ್ತೆಂದರೆ ಪೊಟ್ಟಣ ಕಟ್ಟುವುದೇ ಮರೆಯುತ್ತಿತ್ತು.

ದೂರು ಹೊತ್ತು ಮೊದಲು ಬಂದವರು ಹಚ್ಚೊಳ್ಳಿಯ ರೈತರು. ಕೈಯಲ್ಲಿ ಅರ್ಧ ಖಾಲಿಯಾದ ಪೊಟ್ಟಣ. ನಾಟಿಯ ಹೆಣ್ಣಾಳುಗಳು ಈ ಚಾ ಒಲ್ಲೆವು ಅನ್ನುತ್ತಿದ್ದಾರೆ, ಹಳೆಯದೇ ಬೇಕಂತೆ ಎಂದರು. ಆಮೇಲೆ ಸಿರುಗುಪ್ಪದ ಬಸ್ ನಿಲ್ದಾಣದ ಹತ್ತಿರ ಹೋಟೆಲ್ ನಡೆಸುವ, ಎಲ್ಲರೂ ಅಕ್ಕ ಎನ್ನುವ ಹೆಂಗಸು ಬಂದಳು. ನಮ್ಮಲ್ಲಿ ಬಿಟ್ಟು ಬೇರೆಲ್ಲೂ ಪುಡಿ ಕೊಳ್ಳದವಳು ಅವಳು. ಸಂತೋಷವಾದರೆ ಕನ್ನಡದಲ್ಲಿ ಹೊಗಳುತ್ತಾಳೆ, ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಾಳೆ. ಆ ದಿನ ಬಂದು ನಿಂತವಳು ಉಸಿರು ಬಿಡದೆ ತೆಲುಗಿನಲ್ಲೇ ಮಾತಾಡಿದಳು. ಸಾರಾಂಶ ಇಷ್ಟು: ನಿಮ್ಮ ಚಾದಲ್ಲಿ ಬೇರೆಲ್ಲೂ ಸಿಗದ ಒಂದು ಘಮ ಇತ್ತು, ಡ್ರೈವರುಗಳು ಅದಕ್ಕಾಗಿಯೇ ನನ್ನ ಹೋಟೆಲಿಗೆ ಬರುತ್ತಿದ್ದರು, ಅದೆಲ್ಲಿ ಹೋಯಿತು?

ಅಪ್ಪ ಬೆವರಿದ. ಅವಳೂ ಹೋದರೆ ಅಂಗಡಿಯ ಗತಿ ಏನು ಎಂದು ನನಗೂ ಹೆದರಿಕೆಯಾಯಿತು. ನನ್ನ ಹೆಂಡತಿ ಮಾತ್ರ ಸುಮ್ಮನೆ ಒಳಗೆ ಹೋಗಿ, ಮನೆ ಖರ್ಚಿಗೆ ಇಟ್ಟಿದ್ದ ಹಳೆಯ ಹೊಗೆಪುಡಿಯದೊಂದು, ಹೊಸ ಪುಡಿಯದೊಂದು ಚಾ ಮಾಡಿ, ಹಾಲು ಸಕ್ಕರೆ ಹಾಕಿ, ದಾರ ಕಟ್ಟಿದ ಗ್ಲಾಸುಗಳಲ್ಲಿ ತಂದಳು. ಹೋಟೆಲಿನ ಅಕ್ಕ ಒಂದನ್ನು ಗುಟುಕರಿಸಿ ಕೆಳಗಿಟ್ಟಳು. ಇನ್ನೊಂದನ್ನು ಕುಡಿಯುತ್ತಾ ಕುಡಿಯುತ್ತಾ ಕನ್ನಡಕ್ಕೆ ಬಂದಳು. ಆ ವಾರ ಬಂದ ಹಳೆಯ ಗಿರಾಕಿಗಳಿಗೆಲ್ಲ ನನ್ನ ಹೆಂಡತಿ ಹಾಗೆಯೇ ಎರಡೆರಡು ಗ್ಲಾಸು ಕೊಟ್ಟಳು. ಹಚ್ಚೊಳ್ಳಿಯವರಿಂದ ಹಿಡಿದು ಎಲ್ಲರೂ ಕೆಂಪು ದಾರದ ಗ್ಲಾಸನ್ನೇ ಖಾಲಿ ಮಾಡಿದರು. ಕೆಂಪು ದಾರ ಹೊಗೆಪುಡಿಯದು.

ಮುಂದಿನ ಶುಕ್ರವಾರ ಬೆಳಿಗ್ಗೆ ನಾನು ಅಂಗಡಿಗೆ ಹೋದಾಗ ಡಬ್ಬಿಗಳ ಮುಚ್ಚಳಗಳೆಲ್ಲ ಸಾಲಾಗಿ ನೆಲದ ಮೇಲಿದ್ದವು. ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಂಡದ ಮೇಲೆ ಲೋಬಾನ ಉದುರಿಸಿ, ಒಂದೊಂದು ಡಬ್ಬಿಯೊಳಗೂ ಹೊಗೆ ಬೀಸುತ್ತಿದ್ದಳು. ಅಪ್ಪ ಗಾದಿಯ ಮೇಲೆ ರಾಜನ ಹಾಗೆ ಕುಳಿತಿದ್ದ. ಇಷ್ಟು ತಿಂಗಳು ಒಳಗೇ ಇಟ್ಟುಕೊಂಡಿದ್ದ ಮಾತು ಅವನ ಬಾಯಿಗೆ ಬಂತು.

"ಹೊಗಿ ವಾಸ್ನಿ, ಅಂಗಡಿ ಮುಚ್ಚಬೇಕು ಅಂತ ಅವತ್ತು ಎಷ್ಟು ಮಾತು ಬಂದ್ವಲ್ಲವಾ. ಈಗ ನೀನ ಬೀಸಾಕ ಹತ್ತೀಯಲ್ಲ?"

ಅವಳು ಬೀಸುವುದನ್ನು ನಿಲ್ಲಿಸಲೂ ಇಲ್ಲ, ತಿರುಗಲೂ ಇಲ್ಲ.

"ನಾ ಏನೂ ಅಂದಿಲ್ಲ ಬಿಡ್ರಿ ಮಾವ. ನಮ್ಮ ಚೊಂಬಿನ್ಯಾಗ ಉಗುಳಿ ಹೇಳಿದವರು ನೀವು."